ಕೊಸರಿನ ಪೆಟ್ಟಿಗೆ

ಅಜ್ಜಂಪುರದ ಷಣ್ಮುಖಪ್ಪನಿಗೆ 'ಇಲ್ಲ' ಎಂಬ ಎರಡಕ್ಷರ ಬಾಯಿಂದ ಹೊರಡುತ್ತಿರಲಿಲ್ಲ. ಗಂಟಲಲ್ಲಿ ಹುಟ್ಟಿ ನಾಲಿಗೆಯ ತುದಿಗೆ ಬರುವಷ್ಟರಲ್ಲಿ ಅದು 'ಆಗಲಿ ಬಿಡಿ' ಆಗಿಬಿಡುತ್ತಿತ್ತು. ಬೇರೆಯವರಿಗಾದರೆ ಇದು ಸದ್ಗುಣ. ಪೇಟೆ ಬೀದಿಯಲ್ಲಿ ಹುರಿಗಡಲೆ ಅಂಗಡಿ ಇಟ್ಟವನಿಗೆ ಕ್ಷಯರೋಗ.

ಬಂದವರು ಮೊದಲು ರುಚಿ ನೋಡಲೆಂದು ಒಂದು ಹಿಡಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಆಮೇಲೆ ಒಂದು ಪಾವು ಅಳೆಸಿಕೊಂಡು, ಅದರ ಮೇಲೆ ಕೊಸರು ಎಂದು ಇನ್ನೊಂದು ಹಿಡಿ. ಕೊಸರು ಕೇಳುವುದು ಕೊಳ್ಳುವವನ ಹಕ್ಕು, ಕೊಡುವುದು ಮಾರುವವನ ಮರ್ಯಾದೆ, ಅದೇನೋ ಸರಿ. ಆದರೆ ಕೊಸರಿನ ಹೊತ್ತಿಗೆ ಮಿಕ್ಕ ಅಂಗಡಿಯವರ ಅಂಗೈ ಗುಬ್ಬಚ್ಚಿ ಕೊಕ್ಕಿನಷ್ಟಾದರೆ ಷಣ್ಮುಖಪ್ಪನದು ಮೊರದಷ್ಟಾಗುತ್ತಿತ್ತು. ಕೊನೆಗೆ "ದುಡ್ಡು ಸೋಮವಾರ ಕೊಡ್ತೀನಿ ಕಣಪ್ಪ" ಎಂದು ಹೋದವರಿಗೆ ವಾರದಲ್ಲಿ ಸೋಮವಾರವೆಂಬುದೊಂದು ಇದೆಯೆಂಬುದೇ ಮರೆತುಹೋಗುತ್ತಿತ್ತು.

ಇದನ್ನೆಲ್ಲ ತರೀಕೆರೆಯಲ್ಲಿ ಕುಳಿತು ನೋಡುತ್ತಿದ್ದವನು ಈರಭದ್ರಪ್ಪ, ಷಣ್ಮುಖಪ್ಪನ ಹೆಂಡತಿ ತೀರ್ಥಮ್ಮನ ಅಣ್ಣ. ಅಡಿಕೆ ಮಂಡಿಯ ಧಣಿ. ಮಂಡಿಯ ವ್ಯಾಪಾರದಲ್ಲಿ ದರವನ್ನು ಬಾಯಿ ಬಿಟ್ಟು ಹೇಳುವುದಿಲ್ಲ. ಕೊಳ್ಳುವವನು ಮಾರುವವನ ಕೈಮೇಲೆ ತನ್ನ ಹೆಗಲ ಮೇಲಿನ ವಲ್ಲಿ ಹೊದಿಸಿ, ಒಳಗೇ ಬೆರಳು ಹಿಡಿಯುತ್ತಾನೆ. ಎಷ್ಟು ಬೆರಳೋ ಅಷ್ಟು ಹತ್ತು ರೂಪಾಯಿ. ಒಪ್ಪಿದವನು ಅಂಗೈ ಅದುಮುತ್ತಾನೆ. ಅದುಮಿದ ಮೇಲೆ ಸಾಕ್ಷಾತ್ ವೀರಭದ್ರನೇ ಬಂದರೂ ಮಾತು ಹಿಂದಕ್ಕಿಲ್ಲ. ಇಪ್ಪತ್ತು ವರ್ಷ ಹೀಗೆ ವಲ್ಲಿಯಡಿ ಕೈಯಾಡಿಸಿದ ಈರಭದ್ರಪ್ಪನಿಗೆ ಕೈ ಹಿಡಿದರೆ ಸಾಕು, ಆ ಮನುಷ್ಯನ ಜಾತಕ ತಿಳಿಯುತ್ತಿತ್ತು. ತಂಗಿಯ ಗಂಡನ ಕೈಯನ್ನು ಧಾರೆಯ ದಿನ ಹಿಡಿದಾಗಲೇ ಅವನಿಗೆ ಎಲ್ಲ ತಿಳಿದುಹೋಗಿತ್ತು. ಆದರೆ ಅಪ್ಪ ಆಗಲೇ ಆ ಕೈಗೆ ಕೆಂಪು ಹರಳಿನ ಉಂಗುರ ತೊಡಿಸಿಯಾಗಿತ್ತು.

"ಅಂಗಡಿ ಬಾಗಿಲು ಹಾಕಿ ನಮ್ಮ ಮಂಡೀಗೆ ಬಂದ್ಬಿಡಿ. ಚೀಲ ಎಣಿಸ್ಕೊಂಡು ಕೂತಿದ್ರೆ ಸಾಕು, ಎರಡು ಹೊತ್ತು ಊಟಕ್ಕೆ ಮೋಸ ಇಲ್ಲ" ಎಂದು ಅವನು ವರ್ಷದಿಂದ ಹೇಳುತ್ತಿದ್ದ. ಷಣ್ಮುಖಪ್ಪನಿಗೆ ಆ ಮಂಡಿಯೆಂದರೆ ಹೆದರಿಕೆ. ಹೋದ ದೀಪಾವಳಿಗೆ ಹೋಗಿದ್ದಾಗ ಹಮಾಲರ ಎದುರಿಗೇ "ಅಳಿಯಂದ್ರೇ, ಆ ತಕ್ಕಡಿ ಇತ್ಲಾಗೆ ತನ್ನಿ" ಎನ್ನಿಸಿಕೊಂಡಿದ್ದ. ತಂದೂ ಕೊಟ್ಟಿದ್ದ. ಅದನ್ನು ನೆನೆದರೆ ಈಗಲೂ ಅವನ ಕಿವಿ ಬಿಸಿಯಾಗುತ್ತಿತ್ತು. ಭಿಕ್ಷೆ ಎತ್ತಿಯಾನು, ಆ ಮಂಡಿಯ ಚಾಪೆಯ ಮೇಲೆ ಮಾತ್ರ ಕೂರಲಾರ.

ಇಂಥ ಹೊತ್ತಿನಲ್ಲಿ ಷಣ್ಮುಖಪ್ಪ ಬೆಂಗಳೂರು ದಂಡಿನ ಹರಾಜೊಂದರಲ್ಲಿ ಆ ಪೆಟ್ಟಿಗೆಯನ್ನು ಕಂಡ. ಆಳೆತ್ತರದ ಕಬ್ಬಿಣದ ಪೆಟ್ಟಿಗೆ. ಮೇಲೆ ಕಾಸು ಹಾಕುವ ಸೀಳು, ಕೆಳಗೆ ಪೊಟ್ಟಣ ಬೀಳುವ ಗೂಡು. ಯಾವನೋ ದೊರೆ ಕಾಸು ಹಾಕಿದ, ಪೆಪ್ಪರಮೆಂಟು ಬಿತ್ತು. ಮುದುಕಿಯೊಬ್ಬಳು ಕಾಸಿಲ್ಲದೆ ಬಂದು ಕೈ ಮುಗಿದಳು, ಬೇಡಿದಳು, ಕಣ್ಣಿಗೆ ಸೆರಗು ಹಚ್ಚಿದಳು. ಪೆಟ್ಟಿಗೆ ಮಿಸುಕಲಿಲ್ಲ. ಷಣ್ಮುಖಪ್ಪನಿಗೆ ಅಲ್ಲೇ ಅಡ್ಡ ಬೀಳಬೇಕೆನ್ನಿಸಿತು. ಅದರೊಳಗೆ ಪೊಟ್ಟಣ ಪೇರಿಸುವ ಆರು ಕೊಳವೆಗಳಿರಬೇಕಾದ ಕಡೆ ಐದು ಮುರಿದುಹೋಗಿ, ಮನುಷ್ಯ ಕೂರುವಷ್ಟು ಜಾಗ ಖಾಲಿ ಬಿದ್ದಿತ್ತು. ಹಾಗಾಗಿ ಮೂವತ್ತು ರೂಪಾಯಿಗೆ ಸಿಕ್ಕಿತು.

"ಕಬ್ಬಿಣಕ್ಕೆ ದಾಕ್ಷಿಣ್ಯ ಇಲ್ಲ ಕಣೇ" ಎಂದು ಮನೆಗೆ ಬಂದವನೇ ಹೆಂಡತಿಗೆ ಹೇಳಿದ. "ರುಚಿ ನೋಡೋ ಹಂಗಿಲ್ಲ, ಉದ್ರಿ ಇಲ್ಲ, ಕೊಸರಿಲ್ಲ. ಕಾಲಾಣೆ ಹಾಕು, ಪೊಟ್ಟಣ ತಗೋ, ನಡಿ."

ತೀರ್ಥಮ್ಮ ಪೆಟ್ಟಿಗೆಯ ಸುತ್ತ ಒಂದು ಸಲ ಬಂದಳು. "ನಿಮ್ಮ ಕೈಗೆ ಬಂದ್ಮೇಲೆ ಅದಕ್ಕೂ ನಿಮ್ಮ ರೋಗ ಅಂಟ್ಕೊಂಡ್ರೆ?"

ಸುದ್ದಿ ತರೀಕೆರೆಗೆ ಮುಟ್ಟಿತು. ಈರಭದ್ರಪ್ಪ ಬಂದು ಪೆಟ್ಟಿಗೆಯನ್ನು ಬೆರಳಲ್ಲಿ ತಟ್ಟಿ ನೋಡಿ, ನಕ್ಕು, ಒಂದು ಮಾತು ಹೇಳಿದ. "ಗುರುವಾರ ಇದನ್ನ ಟೇಸನ್ನಲ್ಲಿ ಇಡ್ತೀರಂತೆ. ನಾನು ಸಂಜೆ ಗಾಡಿಗೆ ಬತ್ತೀನಿ. ಅಷ್ಟೊತ್ತಿಗೆ ಪೆಟ್ಟಿಗೆ ಬರಿದಾಗಿದ್ರೆ ಮಂಡಿ ಮಾತು ಇನ್ನು ಎತ್ತಾಕಿಲ್ಲ. ಒಂದು ಪೊಟ್ಟಣ ಉಳಿದಿದ್ರೂ ನೀವು ಹಾಸಿಗೆ ಸುತ್ಕೊಂಡು ನನ್ನ ಜೊತೆ ಬರ್ಬೇಕು. ಒಪ್ಗೇನಾ?"

ಷಣ್ಮುಖಪ್ಪ 'ಇಲ್ಲ' ಎನ್ನಲು ಬಾಯಿ ತೆರೆದು, "ಆಗಲಿ ಬಿಡಿ" ಎಂದ.

ತೀರ್ಥಮ್ಮ ಮೂರು ದಿನ ಕಡಲೆ ಹುರಿದು, ಬೆಲ್ಲದ ಚೂರು ಸೇರಿಸಿ, ನೂರಿಪ್ಪತ್ತು ಪೊಟ್ಟಣ ಕಟ್ಟಿದಳು. ಗುರುವಾರ ಬೆಳಿಗ್ಗೆ ಪೆಟ್ಟಿಗೆ ಎತ್ತಿನ ಗಾಡಿಯಲ್ಲಿ ಸ್ಟೇಷನ್ ಸೇರಿತು. ಪೊಟ್ಟಣ ಕಟ್ಟಿ ಮಿಕ್ಕ ಅರ್ಧ ಚೀಲ ಬಿಡಿ ಕಡಲೆಯನ್ನೂ ಷಣ್ಮುಖಪ್ಪ ಪೆಟ್ಟಿಗೆಯ ಖಾಲಿ ಜಾಗದಲ್ಲಿಟ್ಟು ಹಿಂಬಾಗಿಲು ಮುಚ್ಚಿದ. ಸ್ಟೇಷನ್ ಮಾಸ್ಟರ್ ರಾಯರು ಮೂಗಿನ ತುದಿಯ ಕನ್ನಡಕದಿಂದ ಅದನ್ನು ನೋಡಿ, ತೂಕ ಹಾಕಿಸಿ ಬರೆದುಕೊಂಡು, "ಸಿಗ್ನಲ್ಲಿಗೆ ಅಡ್ಡ ಬರದ ಹಾಗೆ ಇಟ್ಕೊಳ್ಳಿ. ಏನಾದ್ರೂ ಗಲಾಟೆ ಆಯ್ತೋ, ಎತ್ತಿ ಹೊರಗೆ ಹಾಕಿಸ್ತೀನಿ" ಎಂದು ಹರಸಿದರು.

ಮೊದಲ ಅರ್ಧ ಗಂಟೆ ವ್ಯಾಪಾರ ಬಲು ಚೆನ್ನಾಗಿ ನಡೆಯಿತು. ಬೀರೂರಿನ ಕಡೆ ಹೋಗುವ ಗಾಡಿಗೆ ಬಂದವರೆಲ್ಲ ಕಾಲಾಣೆ ಹಾಕಿ, ಒಳಗೆ 'ಕಟಕ್' ಎಂದದ್ದಕ್ಕೆ ನಕ್ಕು, ಬಿದ್ದ ಪೊಟ್ಟಣವನ್ನು ಅಕ್ಕಪಕ್ಕದವರಿಗೆ ತೋರಿಸಿದರು. ಕಡೂರಿಗೆ ಹೆಣ್ಣು ನೋಡಲು ಹೊರಟಿದ್ದ ಒಂದು ಗುಂಪು ಶುಭವಾಗಲಿ ಎಂದು ಐದು ಪೊಟ್ಟಣ ತೆಗೆದುಕೊಂಡಿತು. ಷಣ್ಮುಖಪ್ಪ ದೂರದ ಬೆಂಚಿನ ಮೇಲೆ ಕಾಲು ಮೇಲೆ ಕಾಲು ಹಾಕಿ ಕೂತಿದ್ದ. ಯಾರ ಮುಖವನ್ನೂ ನೋಡಬೇಕಾಗಿಲ್ಲದ ವ್ಯಾಪಾರ ಇಷ್ಟು ಸುಖವೆಂದು ಅವನಿಗೆ ತಿಳಿದಿರಲಿಲ್ಲ.

ಆಗ ಹುಲಿಗೆಮ್ಮ ಬಂದಳು.

ಹುಲಿಗೆಮ್ಮ ಬೆಣ್ಣೆ ಮಾರುವವಳು. ಬೀರೂರು ಸಂತೆಗೆ ತಪ್ಪದೆ ಹೋಗುವವಳು. ತಲೆಯ ಮೇಲಿನ ಕುಡಿಕೆ ಇಳಿಸಿ, ಸೊಂಟದ ಚೀಲದಿಂದ ಕಾಲಾಣೆ ತೆಗೆದು, ಹಣೆಗೆ ಒತ್ತಿಕೊಂಡು ಸೀಳಿಗೆ ಹಾಕಿದಳು. ಪೊಟ್ಟಣ ಬಿತ್ತು. ಅದನ್ನು ಕುಡಿಕೆಯ ಪಕ್ಕ ಇಟ್ಟು, ಗೂಡಿನ ಮುಂದೆ ಸೆರಗು ಒಡ್ಡಿ ನಿಂತಳು.

ಹಿಂದೆ ನಿಂತವರು ಸ್ವಲ್ಪ ಹೊತ್ತು ಕಾದರು. "ಏನಜ್ಜಿ, ಪೊಟ್ಟಣ ಬಂತಲ್ಲ, ಸರಿ ಅತ್ಲಾಗೆ."

"ಕೊಸರು ಬರ್ಲಿ" ಎಂದಳು ಹುಲಿಗೆಮ್ಮ.

ಷಣ್ಮುಖಪ್ಪ ಬೆಂಚಿನಿಂದ ಎದ್ದು ಬಂದ. "ಅವ್ವಾ, ಅದು ಮಿಸನ್ನು. ಕೊಸರು ಕೊಡಾಕಿಲ್ಲ."

"ನಾನು ಅದನ್ನ ಕೇಳ್ತಿದೀನಿ, ನಿನ್ನನ್ನಲ್ಲ."

"ಅದಕ್ಕೆ ಕಿವಿ ಇಲ್ಲ ಕಣವ್ವಾ."

"ಕಾಸು ಬಿದ್ದಿದ್ದು ಕೇಳಿಸ್ತಲ್ಲ?"

ಗಾಡಿ ಬಂದು ನಿಂತಿತು. ಹುಲಿಗೆಮ್ಮ ಸೆರಗು ಮಡಚಲಿಲ್ಲ. ಅಷ್ಟು ಹೊತ್ತು ಪೆಟ್ಟಿಗೆಗೆ ಹೇಳುತ್ತಿದ್ದವಳು ಈಗ ಊರಿಗೆ ಹೇಳಿದಳು.

"ನಲವತ್ತು ವರ್ಷ ಆಯ್ತು ನಾನು ಬೆಣ್ಣೆ ಮಾರಾಕೆ ಹಿಡಿದು. ಒಂದು ಗುಲಗಂಜಿಯಷ್ಟಾದ್ರೂ ಕೊಸರು ಹಾಕ್ದೆ ಕೈ ಒರೆಸ್ಕೊಂಡಿಲ್ಲ. ಕೊಸರು ಕೇಳ್ದೆ, ಚೌಕಾಸಿ ಮಾಡ್ದೆ ತರೋ ಸಾಮಾನು ಲೋಕದಾಗೆ ಒಂದೇ ಒಂದು ಕಣ್ರಪ್ಪಾ. ಹೆಣಕ್ಕೆ ಹೊದ್ಸೋ ಬಟ್ಟೆ."

ಪ್ಲಾಟ್‌ಫಾರಮ್ಮಿನ ಮೇಲೆ ಕಡಲೆ ಜಗಿಯುವ ಸದ್ದು ನಿಂತಿತು. ಹೆಣ್ಣು ನೋಡಲು ಹೊರಟವರು ಒಬ್ಬರ ಮುಖ ಒಬ್ಬರು ನೋಡಿ, ಐದೂ ಪೊಟ್ಟಣವನ್ನು ಪೆಟ್ಟಿಗೆಯ ಬುಡದಲ್ಲಿಟ್ಟು, ಕೈ ತೊಳೆಯಲು ನಲ್ಲಿಯ ಕಡೆ ನಡೆದರು. ಅವರ ಹಿರಿಯ ಬಾಯಲ್ಲಿದ್ದುದನ್ನೂ ಉಗಿದ. ಉಳಿದವರೂ ಒಬ್ಬೊಬ್ಬರಾಗಿ ತಂದಿಟ್ಟರು. ನೋಡುನೋಡುತ್ತ ಬುಡದಲ್ಲಿ ಪೊಟ್ಟಣಗಳ ಗುಡ್ಡೆ ಬೆಳೆಯಿತು. ಷಣ್ಮುಖಪ್ಪನ ಕಣ್ಣಿಗೆ ಅದು ಕಾಣಲಿಲ್ಲ, ತರೀಕೆರೆಯ ಮಂಡಿಯ ಚಾಪೆ ಕಂಡಿತು.

ರಾಯರು ಓಡಿಬಂದರು. "ಏನ್ರೀ ಇದು, ರೈಲ್ವೆ ಜಾಗದಲ್ಲಿ ಹೆಣದ ಮಾತು? ಗಾರ್ಡು ಬಾವುಟ ಹಿಡ್ಕೊಂಡು ನಿಂತಿದಾನೆ. ಆಯಮ್ಮನ್ನ ಗಾಡಿ ಹತ್ತಿಸಿ, ಇಲ್ಲ ಈ ಡಬ್ಬ ಎತ್ತಿಸಿ."

ಹುಲಿಗೆಮ್ಮನನ್ನು ಹತ್ತಿಸುವುದು ಪೆಟ್ಟಿಗೆ ಎತ್ತಿಸುವುದಕ್ಕಿಂತ ಕಷ್ಟವೆಂದು ಷಣ್ಮುಖಪ್ಪನಿಗೆ ಗೊತ್ತಿತ್ತು. "ಒಳಗೆ ಏನೋ ಸಿಕ್ಕಾಕ್ಕೊಂಡಿರ್ಬೇಕು, ನೋಡ್ತೀನಿ" ಎಂದು ಗೊಣಗುತ್ತ ಪೆಟ್ಟಿಗೆಯ ಹಿಂದೆ ಹೋಗಿ, ಬಾಗಿಲು ತೆರೆದು, ಅರ್ಧ ಮೈ ಒಳಗೆ ತೂರಿಸಿ, ಚೀಲದಿಂದ ಒಂದು ಹಿಡಿ ಕಡಲೆ ಬಾಚಿ ಗೂಡಿಗೆ ಸುರಿದ.

ಸೆರಗಿಗೆ ಕಡಲೆ ಉದುರಿತು. ಹುಲಿಗೆಮ್ಮ ಅದನ್ನು ಗಂಟು ಹಾಕಿಕೊಂಡು ಕುಡಿಕೆ ಎತ್ತಿದಳು. "ನೋಡಿದ್ರಾ, ಹೇಳಿದ್ರೆ ಕೇಳ್ತದೆ. ಎಳೇದು, ಪಾಪ. ವ್ಯಾಪಾರ ತಿಳೀದು" ಎಂದು ಪೆಟ್ಟಿಗೆಯ ನೆತ್ತಿಯ ಮೇಲೆ ನೆಟಿಕೆ ಮುರಿದು ಗಾಡಿ ಹತ್ತಿದಳು.

ಗಾಡಿ ಹೋಯಿತು. ಹತ್ತಬೇಕಾದವರಲ್ಲಿ ಅರ್ಧ ಜನ ಹತ್ತಲೇ ಇಲ್ಲ. ಬುಡದಲ್ಲಿ ಬಿಟ್ಟಿದ್ದ ಪೊಟ್ಟಣಗಳನ್ನು ತಮ್ಮ ತಮ್ಮದೆಂದು ಗುರುತು ಹಿಡಿದು ಎತ್ತಿಕೊಂಡು, ತಮಗೆ ಬರಬೇಕಾದ ಕೊಸರಿಗೆ ಸಾಲು ನಿಂತರು. ಷಣ್ಮುಖಪ್ಪ ಒಳಗಿನಿಂದ ಒಂದೊಂದು ಹಿಡಿ ಕೊಡುತ್ತ ಹೋದ. ಸಾಲು ಬೆಳೆಯುತ್ತ ಹೋಯಿತು. ಬೆನ್ನು ನೋವು ಬಂದು ಪೂರ್ತಿ ಒಳಗೆ ಸೇರಿ ಕುಕ್ಕರುಗಾಲಲ್ಲಿ ಕೂತ.

ಬುತ್ತಿ ತಂದ ತೀರ್ಥಮ್ಮ ಹಿಂಬಾಗಿಲು ಸರಿಸಿ ನೋಡಿದರೆ ಕತ್ತಲಲ್ಲಿ ಗಂಡನ ಎರಡು ಕಣ್ಣು.

"ಏನಿದು ಅವತಾರ?"

"ಮೆಲ್ಲಗೆ ಮಾತಾಡು. ಕೊಸರು ಕೊಡ್ತಿದೀನಿ."

"ಕೊಸರು ಬೇಡ ಅಂತ ತಾನೇ ಈ ಕಬ್ಬಿಣ ತಂದಿದ್ದು?"

"ಸಂಜೆ ತಂಕ ಕಣೇ. ಪೆಟ್ಟಿಗೆ ಬರಿದಾಗ್ಬಿಟ್ರೆ ಸಾಕು, ನಿಮ್ಮಣ್ಣನ ಕಾಟ ತಪ್ತದೆ."

ಅಷ್ಟರಲ್ಲಿ ರಾಯರು ಪೆಟ್ಟಿಗೆಯ ಹಿಂಭಾಗ ಹೇಗಿದೆಯೋ ನೋಡೋಣವೆಂದು ಬರುತ್ತಿದ್ದರು. ತೀರ್ಥಮ್ಮ ಬುತ್ತಿಯನ್ನು ಗಂಡನ ಮಡಿಲಿಗೆ ತಳ್ಳಿ, ಬಾಗಿಲು ದೂಡಿ, ಬೀಗ ಜಡಿದು, ಬೀಗದ ಕೈಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ರಾಯರಿಗೆ, "ಅವ್ರು ಪೇಟೆಗೆ ಹೋದ್ರು ಸ್ವಾಮಿ, ನಂಗೆ ಕಾಯ್ಕೊಂಡಿರು ಅಂದವ್ರೆ" ಎಂದಳು.

ಮಧ್ಯಾಹ್ನದ ಹೊತ್ತಿಗೆ ಊರೇ ಸ್ಟೇಷನ್ನಿನಲ್ಲಿತ್ತು. ಪಿಂಚಣಿಯ ಮೇಷ್ಟ್ರು ಚನ್ನಬಸಪ್ಪನವರು ಪೆಟ್ಟಿಗೆಯ ಪಕ್ಕ ನಿಂತು, ಯಾರೂ ಕೇಳದಿದ್ದರೂ, ವಿವರಿಸುತ್ತಿದ್ದರು. "ಇದರೊಳಗೆ ಒಂದು ಅಯಸ್ಕಾಂತ ಅದೆ. ಅದು ಮನುಷ್ಯನ ಯೋಗ್ಯತೆ ನೋಡಿ ಕೊಸರು ಅಳೀತದೆ. ಜರ್ಮನಿಯವ್ರ ತಲೆ." ಆಗಿನಿಂದ ಯಾರಿಗೆ ಎಷ್ಟು ಕೊಸರು ಬಂತು ಎಂಬುದು ಯೋಗ್ಯತೆಯ ಪ್ರಶ್ನೆಯಾಯಿತು. ಕಡಿಮೆ ಬಂದವರು ಮತ್ತೆ ಬಂದು ಇನ್ನೊಮ್ಮೆ ಅಳೆಸಿಕೊಂಡರು. ಪಟೇಲರಿಗಿಂತ ಪಟೇಲರ ಆಳಿಗೆ ನಾಲ್ಕು ಕಾಳು ಹೆಚ್ಚು ಬಂದು, ಅವನು ಅದನ್ನು ಗುಟ್ಟಾಗಿ ನುಂಗಬೇಕಾಯಿತು.

ಪೇಟೆಯ ಅಂಗಡಿಗಳಿಂದೆಲ್ಲ ದಿನಾ ಒಂದೊಂದು ಹಿಡಿ ಭಿಕ್ಷೆ ಪಡೆಯುವ ಮಠದ ಗಂಗಾಧರಯ್ಯನವರೂ ಬಂದರು. ಅಂಗಡಿ ಎಂದ ಮೇಲೆ ಕಬ್ಬಿಣದ್ದಾದರೇನು, ಕಟ್ಟಿಗೆಯದಾದರೇನು? ಎದುರು ನಿಂತು ಗಂಟೆ ಬಾರಿಸಿದರು. ಹದಿನೈದು ವರ್ಷ ಆ ಗಂಟೆಗೆ ಎದ್ದು ನಿಂತ ಷಣ್ಮುಖಪ್ಪ ಒಳಗೇ ಎದ್ದು, ತಲೆಯನ್ನು ತಗಡಿಗೆ ಹೊಡೆಸಿಕೊಂಡು, ಕೈತುಂಬ ನೀಡಿದ. ಸಂತೋಷಗೊಂಡ ಅಯ್ಯನವರು ಒಂದು ಚಿಟಿಕೆ ವಿಭೂತಿಯನ್ನು ಗೂಡಿಗೆ ಊದಿ ಹರಸಿದರು.

ಪೆಟ್ಟಿಗೆ ಸೀನಿತು.

ಜನ ಎರಡು ಹೆಜ್ಜೆ ಹಿಂದೆ ಸರಿದರು. ತೀರ್ಥಮ್ಮನ ಕೈ ಸೆರಗಿನ ಗಂಟಿಗೆ ಹೋಯಿತು. "ಹೆದರ್ಬೇಡಿ" ಎಂದರು ಮೇಷ್ಟ್ರು. "ರೈಲು ಎಂಜಿನ್ನು ಹಬೆ ಬಿಡಾಕಿಲ್ವಾ? ಹಂಗೇ." ಜನ ಒಪ್ಪಿ ಮುಂದೆ ಬಂದರು.

ಊಟದ ಹೊತ್ತಿಗೆ ಸಾಲು ಸ್ವಲ್ಪ ಕರಗಿದಾಗ, ಅದೇ ಮೇಷ್ಟ್ರು ಆಚೀಚೆ ನೋಡಿ, ಗೂಡಿಗೆ ಬಾಯಿ ಹತ್ತಿರ ತಂದು ಪಿಸುಗುಟ್ಟಿದರು. "ಕಾಸು ಮನೇಲಿ ಬಿಟ್ಟು ಬಂದೆ ಕಣಪ್ಪ. ಸೋಮವಾರ ಕೊಡ್ತೀನಿ. ಒಂದು ಪೊಟ್ಟಣ."

ಷಣ್ಮುಖಪ್ಪ ಕಲ್ಲಾಗಿ ಕೂರಲು ನೋಡಿದ. ನಾನು ಕಬ್ಬಿಣ, ನಾನು ಕಬ್ಬಿಣ ಎಂದು ಮನಸ್ಸಿನಲ್ಲೇ ಹೇಳಿಕೊಂಡ. ಆದರೆ ಆ ದನಿ ಅವನಿಗೆ ಮಗ್ಗಿ ಹೇಳಿಕೊಟ್ಟ ದನಿ. ಮೇಷ್ಟ್ರು ಒಮ್ಮೆ ಕೆಮ್ಮಿ, "ಆಗೋದಿಲ್ಲ ಅಂದ್ರೆ ಹೋಗ್ಲಿ ಬಿಡು" ಎಂದರು. ಅಷ್ಟು ಸಾಕಾಯಿತು. ಅವನ ಬೆರಳು ತಾನೇ ಮೇಲೆ ಹೋಗಿ ಕೊಳವೆಯ ಕೊಂಡಿ ಎತ್ತಿತು. ಪೊಟ್ಟಣ ಬಿತ್ತು, ಮೇಲೆ ಕೊಸರೂ ಬಿತ್ತು.

ಮೇಷ್ಟ್ರು ಆ ವಿಷಯವನ್ನು ಯಾರಿಗೂ ಹೇಳಬೇಡಿ ಎಂದು ಹತ್ತು ಜನರಿಗೆ ಹೇಳಿದರು. ಹೊತ್ತು ಇಳಿಯುವಷ್ಟರಲ್ಲಿ ಕಾಸು ಹಾಕುವ ಮೂರ್ಖ ಯಾರೂ ಉಳಿಯಲಿಲ್ಲ. ಜನ ಬರುವುದು, ಬಗ್ಗುವುದು, ಸೋಮವಾರ ಎನ್ನುವುದು, ಮನೆಯ ಕಷ್ಟ ಹೇಳಿಕೊಳ್ಳುವುದು, ಪೊಟ್ಟಣ ತೆಗೆದುಕೊಳ್ಳುವುದು. ಮುಖಾಮುಖಿ ಕೇಳಲು ನಾಚಿಕೆ ಪಡುತ್ತಿದ್ದವರೂ ಪೆಟ್ಟಿಗೆಯ ಮುಂದೆ ಎದೆ ಬಿಚ್ಚಿದರು. ಅಂಗಡಿಯಲ್ಲಿ ಮೂರು ತಿಂಗಳಲ್ಲಿ ಕೊಟ್ಟಷ್ಟು ಉದ್ರಿಯನ್ನು ಷಣ್ಮುಖಪ್ಪ ಪೆಟ್ಟಿಗೆಯೊಳಗಿಂದ ಮೂರು ಗಂಟೆಯಲ್ಲಿ ಕೊಟ್ಟ. ಬೀರೂರಿನಿಂದ ಬರುವ ಸಂಜೆ ಗಾಡಿಯ ಸಿಳ್ಳೆ ಕೇಳಿದಾಗ ಕೊಳವೆಯಲ್ಲಿ ಒಂದು ಪೊಟ್ಟಣವೂ ಉಳಿದಿರಲಿಲ್ಲ. ಬೆವರಿನಲ್ಲಿ ತೊಯ್ದು, ಕಾಲು ಜೋಮು ಹಿಡಿದು, ಉಂಗುರಕ್ಕೆ ಬಿಗಿಯಾಗಲೆಂದು ಸುತ್ತಿದ್ದ ದಾರ ಸಡಿಲಗೊಂಡು ನೇತಾಡುತ್ತಿದ್ದರೂ ಷಣ್ಮುಖಪ್ಪನಿಗೆ ಕುಣಿಯುವಷ್ಟು ಸಂತೋಷ. ಕುಣಿಯಲು ಜಾಗವಿರಲಿಲ್ಲ.

ಈರಭದ್ರಪ್ಪ ಇಳಿದು ಬಂದ. ಜನಜಂಗುಳಿ ನೋಡಿ ಹುಬ್ಬೇರಿಸಿದ.

"ಪೆಟ್ಟಿಗೆ ಬರಿದಾಗದೆ ಅಣ್ಣ" ಎಂದಳು ತೀರ್ಥಮ್ಮ. ಆ ದನಿಯಲ್ಲಿ ಹೆಮ್ಮೆಯಿತ್ತು. ಹೋದ ದೀಪಾವಳಿಯ ಮೇಲೆ ತವರಿನ ಮುಖ ನೋಡದಿದ್ದರೂ, ಗಂಡ ಸೋತು ಅಲ್ಲಿಗೆ ಹೋಗುವುದಾದರೆ ತವರೂ ಬೇಡವೆಂದು ಅವಳೂ ಹಟ ಹಿಡಿದಿದ್ದಳು.

"ಅಳಿಯಂದ್ರೆಲ್ಲಿ?"

"ಪೇಟೆಗೆ ಹೋಗವ್ರೆ."

"ಕೊಸರು ಬೇರೆ ಕೊಡ್ತದೆ ಈರಭದ್ರಪ್ನೋರೇ" ಎಂದರು ಮೇಷ್ಟ್ರು. "ನೀವೂ ನಿಮ್ಮ ಯೋಗ್ಯತೆ ನೋಡ್ಕೊಳ್ಳಿ."

ಈರಭದ್ರಪ್ಪ ಒಮ್ಮೆ ಕೆಮ್ಮಿ ಒಂದು ಕಾಲಾಣೆ ಹಾಕಿದ. ಒಳಗೆ 'ಕಟಕ್' ಎಂದಿತು. ಪೊಟ್ಟಣ ಬೀಳಲಿಲ್ಲ. ಭಾವನ ಕೆಮ್ಮು ಗುರುತು ಹಿಡಿದ ಷಣ್ಮುಖಪ್ಪ ಇನ್ನಷ್ಟು ಮುದುಡಿ ಕೂತ. ಕಾಸು ಹಾಕಿದವರನ್ನು ಬರಿಗೈಯಲ್ಲಿ ಹೇಗೆ ಕಳಿಸುವುದು? ಚೀಲ ಕೊಡವಿ, ಸಿಕ್ಕಷ್ಟು ಕಡಲೆಯನ್ನು ಗೂಡಿಗೆ ಹಾಕಿದ.

ಈರಭದ್ರಪ್ಪ ಆ ಕಡಲೆಯನ್ನು ಅಂಗೈಯಲ್ಲಿ ಹರಡಿಕೊಂಡು ಬಹಳ ಹೊತ್ತು ನೋಡಿದ. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದ. "ಬರಿದಾಗಿರೋದು ನಿಜ. ಆಡಿದ ಮಾತು ಮಾತೇ. ನಾನು ಸೋತೆ, ಅಳಿಯಂದ್ರು ಗೆದ್ರು. ಮಂಡಿ ಮಾತು ಇನ್ನು ನನ್ನ ಬಾಯಲ್ಲಿ ಬರಾಕಿಲ್ಲ." ಷಣ್ಮುಖಪ್ಪ ಒಳಗೆ ಕಣ್ಣು ಮುಚ್ಚಿ ಶಿವನನ್ನು ನೆನೆದ.

"ಸೋತೋನಿಗೆ ಈ ಪೆಟ್ಟಿಗೆನಾದ್ರೂ ಸಿಗ್ಲಿ" ಎಂದು ಈರಭದ್ರಪ್ಪ ಹೆಗಲಿನ ವಲ್ಲಿ ತೆಗೆದು ಗೂಡಿನ ಬಾಯಿಗೆ ಹೊದಿಸಿ, ಅದರಡಿ ಕೈ ತೂರಿಸಿದ.

"ವಲ್ಲಿ ಯಾಕ್ರೀ?" ಎಂದರು ರಾಯರು.

"ಮಂಡಿಯವನ ಕೈ ಸ್ವಾಮಿ. ವಲ್ಲಿ ಇಲ್ದೆ ಮುಂದಕ್ಕೆ ಹೋಗಾಕಿಲ್ಲ."

ಕೈ ಒಳಗೆ ತಡಕಿತು, ಷಣ್ಮುಖಪ್ಪನ ಕೈಯನ್ನು ಹಿಡಿಯಿತು. ಅವನು ಕಿತ್ತುಕೊಳ್ಳಲು ನೋಡಿದ, ಆಗಲಿಲ್ಲ. ಕೂಗಿದರೆ ಮಾನ ಹೋಗುತ್ತದೆ.

ಮೊದಲು ಮೂರು ಬೆರಳಿನ ಮೇಲೆ ಒತ್ತು ಬಿತ್ತು. ಮೂವತ್ತು. ಷಣ್ಮುಖಪ್ಪ ಸುಮ್ಮನಿದ್ದ. ನಾಲ್ಕು. ಸುಮ್ಮನಿದ್ದ. ಐದು. ಮೂವತ್ತಕ್ಕೆ ತಂದ ಪೆಟ್ಟಿಗೆ ಐವತ್ತಕ್ಕೆ ಹೋಗುತ್ತಿದೆ, ಅದೂ ಭಾವನ ತಲೆಗೆ. ಈ ಕಬ್ಬಿಣದ ಗೂಡಿನಿಂದ ಬಿಡುಗಡೆ, ಮಂಡಿಯಿಂದಲೂ ಬಿಡುಗಡೆ. ಮತ್ತೆ ಅಂಗಡಿ ತೆಗೆಯಬಹುದು. ಅವನು ಅಂಗೈಯನ್ನು ಗಟ್ಟಿಯಾಗಿ ಅದುಮಿದ. ವ್ಯಾಪಾರ ಮುಗಿಯಿತು.

ಆದರೆ ಭಾವನ ಕೈ ಬಿಡಲಿಲ್ಲ. ಅವನ ಕಿರುಬೆರಳನ್ನು ಹಿಡಿದು ಎರಡು ಸಲ ಎಳೆಯಿತು. ಮಂಡಿಯ ಭಾಷೆಯಲ್ಲಿ ಕಿರುಬೆರಳೆಂದರೆ ಕೊಸರು. ಬೀಗ ಕೇಳುತ್ತಾನೋ, ಕಟ್ಟುವ ಹಗ್ಗ ಕೇಳುತ್ತಾನೋ, ಇಷ್ಟು ಕೊಟ್ಟವನಿಗೆ ಅದನ್ನು ಇಲ್ಲವೆನ್ನುವುದುಂಟೆ? ಆಗಲಿ ಬಿಡಿ ಎಂದು ಷಣ್ಮುಖಪ್ಪ ಇನ್ನೊಮ್ಮೆ ಅದುಮಿದ.

ಈರಭದ್ರಪ್ಪ ಕೈ ತೆಗೆದು ವಲ್ಲಿಯನ್ನು ಹೆಗಲಿಗೆ ಏರಿಸಿದ. ಐವತ್ತು ರೂಪಾಯಿಯನ್ನು ತಂಗಿಯ ಕೈಯಲ್ಲಿಟ್ಟ. "ಪೆಟ್ಟಿಗೆ ನಂದಾಯ್ತು. ಕೊಸರೂ ಒಪ್ಪಿಯಾಯ್ತು."

"ಯಾರು ಒಪ್ಪಿದ್ದು?" ಎಂದರು ರಾಯರು.

"ಪೆಟ್ಟಿಗೇನೇ."

"ಕೊಸರು ಏನೂಂತ?"

"ಒಳಗಿರೋದು."

ರಾಯರು ನಕ್ಕರು. "ಒಳಗೆ ಏನಿದೆ ರೀ, ಬರಿದು."

"ಬರಿದೋ ತುಂಬಿದ್ದೋ, ಇದ್ದದ್ದು ನಂದು." ಈರಭದ್ರಪ್ಪ ಬಗ್ಗಿ, ಪೆಟ್ಟಿಗೆಯನ್ನು ಪರೀಕ್ಷಿಸುವವನಂತೆ ಗೂಡಿನ ಹತ್ತಿರ ಮುಖ ತಂದ. ಅವನ ದನಿ ಒಳಗಿದ್ದವನಿಗೆ ಮಾತ್ರ ಕೇಳಿಸಿತು. "ಷಣ್ಮುಖಪ್ನೋರೇ, ವ್ಯಾಪಾರ ಇಲ್ದೆ ಬರೀ ಕೊಸರು ಕೊಡೋನು ಈ ಸೀಮೆಗೆಲ್ಲ ಒಬ್ನೇ. ಕಡಲೆ ಬಿದ್ದಾಗಲೇ ತಿಳೀತು, ಆಮೇಲೆ ಅಪ್ಪನ ಉಂಗುರ ಕೈಗೆ ಸಿಕ್ತು. ದಾರ ಸಡ್ಲಾಗದೆ, ಮಂಡೀಲಿ ಬೇರೆ ಸುತ್ಕೊಳ್ಳಿ. ಈ ಪೆಟ್ಟಿಗೇನ ಬಾಗಿಲಲ್ಲೇ ನಿಲ್ಲಿಸ್ತೀನಿ. ನೀವು ಒಳಗೆ, ನಾನು ಹೊರಗೆ. ಉದ್ರಿ ಕೇಳೋರು ಬಂದ್ರೆ ನಾನು ನೋಡ್ಕೋತೀನಿ."

ಷಣ್ಮುಖಪ್ಪ ಹೆಂಡತಿಗೆ ಕೇಳಲೆಂದು ತಗಡನ್ನು ಉಗುರಿನಿಂದ ಕೆರೆದ. ತೀರ್ಥಮ್ಮ ಅಣ್ಣನ ಮುಖ ನೋಡಿದಳು, ಅಲ್ಲಿ ಎಲ್ಲ ಬರೆದಿತ್ತು. ಸುತ್ತ ನಿಂತ ಊರನ್ನು ನೋಡಿದಳು. ಈಗ ಬೀಗ ತೆಗೆದರೆ, ದಿನವಿಡೀ ಯೋಗ್ಯತೆ ಅಳೆಸಿಕೊಂಡ ಜನ ತನ್ನ ಗಂಡನನ್ನು ಜೀವಸಹಿತ ಬಿಡುವುದಿಲ್ಲ. ಸೆರಗಿನ ಗಂಟನ್ನು ಇನ್ನಷ್ಟು ಬಿಗಿದಳು. "ತರೀಕೆರೇಲಿ ತೆಗೆದ್ರಾಯ್ತು ಬಿಡಣ್ಣ" ಎಂದಳು. ಹೇಳುವಾಗ ತವರಿನ ಹಿತ್ತಿಲು ಕಣ್ಣ ಮುಂದೆ ಬಂದು ತುಟಿ ತುಸು ಅರಳಿದ್ದು ಸುಳ್ಳಲ್ಲ.

ಅರ್ಧ ಗಂಟೆಗೆ ಬೀರೂರಿಗೆ ಹೋಗುವ ಗಾಡಿ ಬಂತು. ಆರು ಜನ ಸೇರಿ ಪೆಟ್ಟಿಗೆಯನ್ನು ತೂಕದ ಹಲಗೆಗೆ ಏರಿಸಿದರು. ಬೆಳಿಗ್ಗೆ ಪೊಟ್ಟಣ ತುಂಬಿದ್ದಾಗ ಇದ್ದುದಕ್ಕಿಂತ ಬರಿದಾದ ಮೇಲೆ ಅದು ಒಂದೂವರೆ ಮಣ ಹೆಚ್ಚು ತೂಗಿತು. ರಾಯರು ಮೇಷ್ಟ್ರ ಕಡೆ ನೋಡಿದರು. "ಜನದ ಕಷ್ಟಸುಖ ಅಷ್ಟೊಂದು ಕೇಳಿಸ್ಕೊಂಡಿದೆಯಲ್ಲ ಸ್ವಾಮಿ, ಭಾರ ಆಗ್ದೆ ಇನ್ನೇನು?" ಎಂದರು ಮೇಷ್ಟ್ರು. ಆ ದಿನ ಅವರು ಆಡಿದ ಮಾತುಗಳಲ್ಲಿ ಇದೊಂದು ನಿಜವಾಗಿತ್ತು. ಹೆಚ್ಚಿನ ತೂಕಕ್ಕೂ ರೈಲ್ವೆ ಚಾರ್ಜು ಬಿತ್ತು.

ಬೀರೂರಿನಲ್ಲಿ ಪೆಟ್ಟಿಗೆಯನ್ನು ಇಳಿಸಿ, ತರೀಕೆರೆಗೆ ಹೋಗುವ ಗಾಡಿಗೆ ಕಾಯುತ್ತ ಪ್ಲಾಟ್‌ಫಾರಮ್ಮಿನ ಮೇಲೆ ನಿಲ್ಲಿಸಿದರು. ಅಣ್ಣ ತಂಗಿ ಬೆಂಚಿನ ಮೇಲೆ ಕೂತು ಎಲೆಯಡಿಕೆ ಹಾಕುತ್ತ ಊರಿನ ಸುದ್ದಿ ಮಾತಾಡಿಕೊಂಡರು. ಯಾರೋ ಪ್ರಯಾಣಿಕ ಬಂದು ಪೆಟ್ಟಿಗೆಯನ್ನು ಮೇಲಿಂದ ಕೆಳಗೆ ನೋಡಿ ಕಾಲಾಣೆ ಹಾಕಿದ. 'ಕಟಕ್' ಎಂದಿತು. ಏನೂ ಬೀಳಲಿಲ್ಲ. ಅವನು ಪೆಟ್ಟಿಗೆಯನ್ನು ತಟ್ಟಿದ.

"ಏನಪ್ಪಾ, ಏನಾದ್ರೂ ಇದೆಯಾ ಇಲ್ವಾ?"

ಷಣ್ಮುಖಪ್ಪನಿಗೆ ಬೆಳಗಿನಿಂದ ತಡೆದುಕೊಂಡದ್ದೆಲ್ಲ ಗಂಟಲಿಗೆ ಬಂತು. ಎದುರಿಗೆ ಮುಖವಿಲ್ಲ, ಗುರುತಿನ ದನಿಯಿಲ್ಲ, ಮಗ್ಗಿ ಹೇಳಿಕೊಟ್ಟವರಿಲ್ಲ.

"ಇಲ್ಲ" ಎಂದ.

ಹೇಳಿದ ಮೇಲೆ ತಾನೇ ಬೆರಗಾದ. ಎಷ್ಟು ಸುಲಭ! ಎರಡೇ ಅಕ್ಷರ. ಇದನ್ನು ಹದಿನೈದು ವರ್ಷ ಹಿಂದೆ ಕಲಿತಿದ್ದರೆ ಇವತ್ತು ತನ್ನದೇ ಅಂಗಡಿಯ ಗಾದಿಯ ಮೇಲೆ ಕೂತಿರುತ್ತಿದ್ದೆ ಎನ್ನಿಸಿ, ಕತ್ತಲಲ್ಲಿ ಅವನ ಕಣ್ಣು ತುಂಬಿ ಬಂತು.

ಆಮೇಲೆ ಗೂಡಿನೊಳಕ್ಕೆ ಒಂದು ಬರಿಯ ಅಂಗೈ ಬಂದು ನಿಂತಿತು.

"ಇಲ್ದಿದ್ರೆ ಹೋಗ್ಲಿ ಬಿಡು. ಕೊಸರಾದ್ರೂ ಕೊಡು."

ಷಣ್ಮುಖಪ್ಪ ಚೀಲದ ಮೂಲೆ ತಡಕಿದ. ನಾಲ್ಕು ಕಾಳು ಸಿಕ್ಕಿದವು. ಪ್ರಯಾಣಿಕ ಹಾಕಿದ ಕಾಲಾಣೆಯ ಜೊತೆಗೆ ಅವನ್ನೂ ಆ ಅಂಗೈಗೆ ಹಾಕಿದ.